ಭುಜಬಲದ ಹಿಂದಿನ ನರಬಲ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಬಲ್ಲದ ಕನ್ನಡಿಗರಿಲ್ಲ. ಊರು ಮನೆಗಳನ್ನು ಬಿಟ್ಟು ಈ ಮಹಾನಗರಕ್ಕೆ ಬಂದ ನಮ್ಮವರಲ್ಲಿ ಹೆಚ್ಚಿನವರು ತಂದ ಬಂಡವಾಳವೆಂದರೆ ಎರಡು ಕೈಗಳು ಮಾತ್ರ. ಹೋಟೆಲಿನ ಒಲೆಯ ಮುಂದೆ ನಿಂತವರಿರಲಿ, ಕಛೇರಿಯಲ್ಲಿ ಲೆಕ್ಕ ಬರೆದವರಿರಲಿ, ಗಿರಣಿಯಲ್ಲಿ ದುಡಿದವರಿರಲಿ, ಕೈ ನಡೆದುದರಿಂದಲೇ ಅವರ ಸಂಸಾರ ನಡೆಯಿತು. ಇಷ್ಟು ಉಪಕಾರಿಯಾದ ಈ ಅಂಗವನ್ನು ಆಡಿಸುವ ಶಕ್ತಿ ಎಲ್ಲಿಂದ ಬರುತ್ತದೆ, ಅದು ಹೇಗೆ ಕೆಡುತ್ತದೆ, ಕೆಟ್ಟರೆ ಏನು ಮಾಡಬೇಕು ಎಂಬುದನ್ನು ಅರಿತವರು ಮಾತ್ರ ವಿರಳ.

ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವವನು. ಆದರೆ ಈ ವಿಷಯದಲ್ಲಿ ವೈದ್ಯಶಾಸ್ತ್ರದಷ್ಟೇ ಮುಖ್ಯವಾದ ಇನ್ನೊಂದು ಶಾಸ್ತ್ರವಿದೆ. ಅದು ಕಾಲದ ಲೆಕ್ಕಾಚಾರ. ನರದ ಚಿಕಿತ್ಸೆಗೆ ಒಂದು ವಾಯಿದೆಯಿದೆ. ಆ ವಾಯಿದೆ ಮೀರಿದರೆ ಎಷ್ಟು ಹಣ ಸುರಿದರೂ ಕಳೆದುಹೋದ ಬಲ ಪೂರ್ತಿಯಾಗಿ ಮರಳುವುದಿಲ್ಲ. ಅದನ್ನು ವಾಚಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ನರಜಾಲದ ರಚನೆ

ತೋಳಿನ ನರಗಳ ಮೂಲ ತೋಳಿನಲ್ಲಿಲ್ಲ, ಕುತ್ತಿಗೆಯಲ್ಲಿದೆ. ಬೆನ್ನುಹುರಿಯಿಂದ ಹೊರಡುವ ಕುತ್ತಿಗೆಯ 5, 6, 7 ಮತ್ತು 8ನೆಯ ನರಗಳೂ ಎದೆಯ ಮೊದಲನೆಯ ನರವೂ ಸೇರಿ ಐದು ಬೇರುಗಳು. ಇವು ಕೂಡಿ ಮೂರು ಕಾಂಡಗಳಾಗುತ್ತವೆ; ಪ್ರತಿಯೊಂದು ಕಾಂಡವೂ ಎರಡಾಗಿ ಸೀಳಿ ಆರು ಕವಲುಗಳಾಗುತ್ತವೆ; ಆ ಕವಲುಗಳು ಮತ್ತೆ ಕೂಡಿ ಮೂರು ಹುರಿಗಳಾಗಿ, ಕೊನೆಗೆ ಐದು ಮುಖ್ಯ ನರಗಳಾಗಿ ತೋಳಿಗಿಳಿಯುತ್ತವೆ. ದಾದರ್ ನಿಲ್ದಾಣದ ಸೇತುವೆಯ ಮೇಲೆ ನಿಂತು ಹಳಿಗಳನ್ನು ನೋಡಿದವರಿಗೆ ಈ ಕೂಡುವಿಕೆ, ಕವಲೊಡೆಯುವಿಕೆಗಳ ಕಲ್ಪನೆ ಸುಲಭವಾಗಿ ಬರುತ್ತದೆ. ಇದನ್ನೇ ವೈದ್ಯರು ಬ್ರೇಕಿಯಲ್ ಪ್ಲೆಕ್ಸಸ್ ಎನ್ನುತ್ತಾರೆ. ನಾವು ಭುಜದ ನರಜಾಲ ಎನ್ನೋಣ. ಕುತ್ತಿಗೆಯ ಪಕ್ಕದಿಂದ ಹೊರಟು, ಕಾಲರ್ ಬೋನ್ ಎಂಬ ಅಡ್ಡಮೂಳೆಯ ಕೆಳಗೆ ಹಾದು ಕಂಕುಳನ್ನು ಸೇರುವ ಈ ಜಾಲ ಒಂದು ಗೇಣಿಗಿಂತ ಉದ್ದವಿಲ್ಲ.

ಕೆಲಸದ ಹಂಚಿಕೆಯೂ ಕ್ರಮಬದ್ಧವಾಗಿದೆ. ಮೇಲಿನ ಎರಡು ಬೇರುಗಳು ಮುಖ್ಯವಾಗಿ ಭುಜವನ್ನು ಎತ್ತುವ, ಮೊಣಕೈಯನ್ನು ಮಡಿಸುವ ಸ್ನಾಯುಗಳಿಗೆ ಆಜ್ಞೆ ಒಯ್ಯುತ್ತವೆ. ನಡುವಿನದು ಮೊಣಕೈಯನ್ನೂ ಮಣಿಕಟ್ಟನ್ನೂ ನೇರ ಮಾಡಲು ನೆರವಾಗುತ್ತದೆ. ಕೆಳಗಿನ ಎರಡು ಬೇರುಗಳು ಬೆರಳುಗಳ ನಯವಾದ ಕೆಲಸಕ್ಕೆ ಮೀಸಲು. ಆದುದರಿಂದ ಯಾವ ಚಲನೆ ನಿಂತಿದೆ ಎಂಬುದನ್ನು ನೋಡಿಯೇ ಯಾವ ಬೇರಿಗೆ ಪೆಟ್ಟಾಗಿದೆಯೆಂದು ಅನುಭವಿ ವೈದ್ಯರು ಬಹುಮಟ್ಟಿಗೆ ಊಹಿಸಬಲ್ಲರು.

ಪೆಟ್ಟಿನ ಪ್ರಭೇದಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಹರ್ಬರ್ಟ್ ಸೆಡನ್ ಅವರು ಗಾಯಾಳುಗಳನ್ನು ಪರೀಕ್ಷಿಸಿ, 1943ರಲ್ಲಿ ನರದ ಪೆಟ್ಟುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. 1951ರಲ್ಲಿ ಆಸ್ಟ್ರೇಲಿಯದ ಸಿಡ್ನಿ ಸಂಡರ್ಲೆಂಡ್ ಅವರು ಇದನ್ನು ಐದು ದರ್ಜೆಗಳಿಗೆ ವಿಸ್ತರಿಸಿದರು. ಸಾಮಾನ್ಯ ತಿಳಿವಳಿಕೆಗೆ ಸೆಡನ್ನರ ಮೂರೇ ಸಾಕು. ನರವನ್ನು ವಿದ್ಯುತ್ ತಂತಿಗೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲನೆಯದರಲ್ಲಿ ತಂತಿ ತುಂಡಾಗಿರುವುದಿಲ್ಲ. ಒತ್ತಡದಿಂದ ಪ್ರವಾಹ ಮಾತ್ರ ಆ ಜಾಗದಲ್ಲಿ ತಡೆದಿರುತ್ತದೆ. ಕೆಲವು ಗಂಟೆಗಳಿಂದ ಹಿಡಿದು ಮೂರು ತಿಂಗಳೊಳಗೆ ಇದು ತಾನಾಗಿಯೇ ಸರಿಹೋಗುತ್ತದೆ. ಎರಡನೆಯದರಲ್ಲಿ ಒಳಗಿನ ಎಳೆಗಳು ಕಡಿದಿರುತ್ತವೆ, ಆದರೆ ಹೊರಗಿನ ಹೊದಿಕೆ ಉಳಿದಿರುತ್ತದೆ. ಆ ಹೊದಿಕೆಯ ದಾರಿ ಹಿಡಿದು ಎಳೆಗಳು ಮತ್ತೆ ಬೆಳೆಯುತ್ತವೆ. ತಿಂಗಳುಗಳು ಬೇಕು, ಆದರೆ ಭರವಸೆಯಿದೆ. ಮೂರನೆಯದರಲ್ಲಿ ಎಳೆ, ಹೊದಿಕೆ ಎರಡೂ ಕಡಿದಿರುತ್ತವೆ. ಇಲ್ಲಿ ಶಸ್ತ್ರಚಿಕಿತ್ಸೆಯ ಹೊರತು ಗತಿಯಿಲ್ಲ.

ಇವುಗಳಿಗಿಂತ ಕಠಿಣವಾದುದು ಇನ್ನೊಂದಿದೆ. ಅದು ಬೆನ್ನುಹುರಿಯಿಂದಲೇ ನರದ ಬೇರು ಕಿತ್ತುಬರುವುದು. ತಂತಿ ತುಂಡಾದರೆ ಜೋಡಿಸಬಹುದು. ಗೋಡೆಯೊಳಗಿನ ಮೂಲದಿಂದಲೇ ಕಿತ್ತುಬಂದರೆ ಯಾವುದಕ್ಕೆ ಜೋಡಿಸುವುದು? ಇಂತಹ ರೋಗಿಗಳಲ್ಲಿ ಸ್ಪರ್ಶಜ್ಞಾನವೇ ಇಲ್ಲದ ಕೈಯಲ್ಲಿ ಸುಡುವಂತಹ ನೋವು ಕಾಣಿಸಿಕೊಳ್ಳುವುದು ಪ್ರಕೃತಿಯ ವಿಚಿತ್ರ ಕ್ರೌರ್ಯವೆನ್ನಬೇಕು.

ಕಾರಣಗಳು

ತರುಣರಲ್ಲಿ ಅತಿ ಗಂಭೀರವಾದ ಕಾರಣ ಮೋಟಾರ್‌ಸೈಕಲ್ ಅಪಘಾತ. ಸವಾರನು ಎಗರಿ ಬೀಳುವಾಗ ಭುಜ ರಸ್ತೆಗೆ ಬಡಿದು ಕೆಳಕ್ಕೆ ತಳ್ಳಲ್ಪಡುತ್ತದೆ, ತಲೆ ಎದುರು ದಿಕ್ಕಿಗೆ ವಾಲುತ್ತದೆ. ನಡುವಿನ ನರಜಾಲ ಜಗ್ಗಿ, ಕೆಲವೊಮ್ಮೆ ಹರಿಯುತ್ತದೆ. ಹೆಲ್ಮೆಟ್ ಪ್ರಾಣವನ್ನು ಉಳಿಸುತ್ತದೆ, ಅದನ್ನು ಧರಿಸಲೇಬೇಕು. ಆದರೆ ಭುಜಕ್ಕೆ ಅಂತಹ ರಕ್ಷಾಕವಚವಿಲ್ಲ. ಬದುಕಿ ಉಳಿದವನ ಕೈ ಎತ್ತಲು ಬರುತ್ತದೆಯೇ ಎಂದು ಆಗಲೇ ಪರೀಕ್ಷಿಸಬೇಕು ಎಂಬುದು ಇದರಿಂದ ತಿಳಿಯತಕ್ಕ ಪಾಠ.

ಇದಕ್ಕೆ ವಿರುದ್ಧ ರೀತಿಯಲ್ಲಿ, ತೋಳು ಮೇಲಕ್ಕೆ ಜಗ್ಗಿದಾಗ ಕೆಳಗಿನ ಬೇರುಗಳಿಗೆ ಪೆಟ್ಟಾಗುತ್ತದೆ. ಅಡಿಕೆ ಮರದಿಂದ ಜಾರಿದವನು ಕೈಗೆ ಸಿಕ್ಕಿದುದನ್ನು ಹಿಡಿದು ಜೋತಾಡಿದರೂ, ಚಲಿಸುವ ಲೋಕಲ್ ಗಾಡಿಯ ಕಂಬ ಹಿಡಿದು ಎಳೆಯಲ್ಪಟ್ಟರೂ ಇದೇ ಅಪಾಯ. ಭುಜ, ಮೊಣಕೈ ಆಡಿದರೂ ಬೆರಳುಗಳು ನಿಶ್ಚಲವಾಗುತ್ತವೆ. ಅದೇ ಬದಿಯ ಕಣ್ಣಿನ ರೆಪ್ಪೆ ಸ್ವಲ್ಪ ಇಳಿಬಿದ್ದು ಕಣ್ಣಿನ ಪಾಪೆ ಕಿರಿದಾಗಿದ್ದರೆ ಬೇರು ಕಿತ್ತಿದೆಯೆಂಬ ಸಂಶಯ ಬಲವಾಗುತ್ತದೆ.

ಹೆರಿಗೆಯ ಸಮಯದಲ್ಲಿಯೂ ಈ ಪೆಟ್ಟು ಸಂಭವಿಸಬಹುದು. ಮಗು ದಪ್ಪವಾಗಿದ್ದು, ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಂಡರೆ ನರಜಾಲ ಜಗ್ಗುತ್ತದೆ. ಸಾವಿರ ಹೆರಿಗೆಗಳಲ್ಲಿ ಸುಮಾರು ಒಂದೆರಡು ಶಿಶುಗಳಿಗೆ ಹೀಗಾಗುತ್ತದೆ. ತಾಯಿಗೆ ಸಕ್ಕರೆ ಕಾಯಿಲೆಯಿದ್ದರೆ ಮಗು ದಪ್ಪವಾಗುವ ಸಂಭವ ಹೆಚ್ಚು. ಮೇಲಿನ ಬೇರುಗಳಿಗೆ ಪೆಟ್ಟಾದ ಮಗುವಿನ ತೋಳು ಒಳಮುಖವಾಗಿ ತಿರುಗಿ, ಅಂಗೈ ಹಿಂದಕ್ಕೆ ನೋಡುತ್ತ ಜೋತುಬಿದ್ದಿರುತ್ತದೆ. ಯಾರಿಗೂ ಕಾಣದಂತೆ ಬೆನ್ನ ಹಿಂದೆ ಕೈಚಾಚಿ ಇನಾಮು ಕೇಳುವ ಮಾಣಿಯ ಭಂಗಿ ಇದು ಎಂದು ಪಾಶ್ಚಾತ್ಯ ವೈದ್ಯರು ವರ್ಣಿಸಿದ್ದಾರೆ. 1874ರಲ್ಲಿ ಈ ಬೇರುಗಳ ದೋಷವನ್ನು ಖಚಿತವಾಗಿ ಗುರುತಿಸಿದ ಜರ್ಮನಿಯ ವಿಲ್‌ಹೆಲ್ಮ್ ಎರ್ಬ್ ಅವರ ಹೆಸರಿನಿಂದಲೇ ಇದು ಪ್ರಸಿದ್ಧ. ಕೆಳಗಿನ ಬೇರುಗಳ ದೋಷವನ್ನು 1885ರಲ್ಲಿ ವಿವರಿಸಿದವರು ಪ್ಯಾರಿಸಿನಲ್ಲಿ ವೈದ್ಯವಿದ್ಯೆ ಕಲಿಯುತ್ತಿದ್ದ ತರುಣಿ ಅಗಸ್ಟಾ ಕ್ಲುಂಪ್ಕೆ. ಇಂತಹ ಶಿಶುಗಳಲ್ಲಿ ಬಹುಪಾಲು ತಾವಾಗಿಯೇ ಗುಣವಾಗುತ್ತವೆ. ಆದರೆ ಮೂರು ತಿಂಗಳಾದರೂ ಮಗು ಮೊಣಕೈ ಮಡಿಸದಿದ್ದರೆ ತಜ್ಞರಿಗೆ ತೋರಿಸಲೇಬೇಕು. ‘ಬೆಳೆದಂತೆ ಸರಿಹೋಗುತ್ತದೆ’ ಎಂಬ ಅಜ್ಜಿಯರ ಸಮಾಧಾನ ಇಲ್ಲಿ ಸಲ್ಲದು.

ಇನ್ನು ಬಿಡಿ ನರಗಳ ಮಾತು. ಭುಜದ ಕೀಲು ತಪ್ಪಿದಾಗ ಅದರ ಪಕ್ಕದ ನರಕ್ಕೆ ಪೆಟ್ಟಾಗಿ, ತೋಳನ್ನು ಪಕ್ಕಕ್ಕೆ ಎತ್ತಲು ಆಗುವುದಿಲ್ಲ. ಭುಜದ ಹೊರಬದಿಯಲ್ಲಿ ಒಂದಂಗುಲ ಎರಡಂಗುಲ ಜಾಗ ಮರಗಟ್ಟಿರುತ್ತದೆ. ರಟ್ಟೆಯ ಮೂಳೆ ನಡುವೆ ಮುರಿದರೆ ಅದನ್ನು ಸುತ್ತಿ ಇಳಿಯುವ ರೇಡಿಯಲ್ ನರಕ್ಕೆ ಘಾಸಿಯಾಗಿ ಮಣಿಕಟ್ಟು ಜೋತುಬೀಳುತ್ತದೆ. ಕುಡಿದ ಮಂಪರಿನಲ್ಲಿ ಕುರ್ಚಿಯ ಬೆನ್ನಿಗೆ ತೋಳು ಹಾಕಿ ನಿದ್ರಿಸಿದವರಿಗೂ, ಕಂಕುಳಿಗೆ ಒತ್ತುವ ಊರುಗೋಲನ್ನು ತಪ್ಪಾಗಿ ಬಳಸಿದವರಿಗೂ ಇದೇ ಸ್ಥಿತಿ ಬರುತ್ತದೆ. ಇದು ಒತ್ತಡದಿಂದಾದುದಾದ್ದರಿಂದ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಭಾರವಾದ ಹೊರೆಯನ್ನು ಹೆಗಲಿಗೇರಿಸುವವರಲ್ಲಿ ಎದೆಯ ಪಕ್ಕದ ಉದ್ದನೆಯ ನರ ದುರ್ಬಲವಾಗಿ, ಗೋಡೆಯನ್ನು ತಳ್ಳಿದಾಗ ಹೆಗಲಿನ ಹಿಂಬದಿಯ ಚಪ್ಪಟೆ ಮೂಳೆ ಹಕ್ಕಿಯ ರೆಕ್ಕೆಯಂತೆ ಹೊರಚಾಚುವುದುಂಟು. ತೋಳಿಗೆ ಚುಚ್ಚುವ ಇಂಜೆಕ್ಷನ್ ಜಾಗ ತಪ್ಪಿದರೂ ನರಕ್ಕೆ ಅಪಾಯ. ಅರೆತಿಳಿವಳಿಕೆಯ ಕೈಗಳಿಂದ ಚುಚ್ಚಿಸಿಕೊಳ್ಳಬಾರದು.

ಮೇಜಿನ ಮುಂದೆ ಕುಳಿತು ದುಡಿಯುವ ನನ್ನಂತಹವರಿಗೆ ಹೆಚ್ಚು ಪರಿಚಿತವಾದವು ಬೇರೆ. ಮೊಣಕೈಯನ್ನು ಮೇಜಿಗೆ ಊರಿ ದೀರ್ಘಕಾಲ ಕುಳಿತರೆ, ಅಥವಾ ಮೊಣಕೈ ಮಡಿಸಿ ಗಂಟೆಗಟ್ಟಲೆ ಮೊಬೈಲ್ ಹಿಡಿದರೆ ಅಲ್ನರ್ ನರ ಒತ್ತಲ್ಪಟ್ಟು ಕಿರುಬೆರಳೂ ಅದರ ಪಕ್ಕದ ಉಂಗುರ ಬೆರಳಿನ ಅರ್ಧವೂ ಜೋಮು ಹಿಡಿಯುತ್ತವೆ. ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಲ್ಪಟ್ಟರೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ರಾತ್ರಿ ಹೊತ್ತು ಜೋಮು ಹಿಡಿದು, ಕೈಕೊಡವುತ್ತ ಎದ್ದು ಕುಳಿತುಕೊಳ್ಳಬೇಕಾಗುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇರುವವರಲ್ಲಿಯೂ ಗರ್ಭಿಣಿಯರಲ್ಲಿಯೂ ಇದು ಹೆಚ್ಚು. ಕುತ್ತಿಗೆಯ ಮೂಳೆಗಳು ಸವೆದು ಬೇರಿನ ಬಳಿಯೇ ನರ ಒತ್ತಲ್ಪಟ್ಟರೆ ನೋವು ಕುತ್ತಿಗೆಯಿಂದ ಹೊರಟು ಮಿಂಚಿನಂತೆ ತೋಳಿಗೆ ಹರಿಯುತ್ತದೆ.

ಪೆಟ್ಟಿಲ್ಲದೆ ರೋಗದಿಂದಲೂ ನರ ಕೆಡುವುದುಂಟು. ಕುಷ್ಠರೋಗದ ಸೂಕ್ಷ್ಮಜೀವಿ ಮೊಣಕೈಯ ನರವನ್ನು ಊದಿಸಿ, ಬೆರಳುಗಳನ್ನು ಕೊಕ್ಕೆಯಂತೆ ಮಡಿಸುತ್ತದೆ. 2005ರ ಅಂತ್ಯಕ್ಕೆ ನಮ್ಮ ದೇಶದಲ್ಲಿ ಹತ್ತು ಸಾವಿರಕ್ಕೆ ಒಬ್ಬನಿಗಿಂತ ಕಡಿಮೆ ರೋಗಿಗಳೆಂಬ ಮಟ್ಟವನ್ನು ತಲುಪಿದ್ದರೂ ಹೊಸ ರೋಗಿಗಳು ಇಂದಿಗೂ ಪತ್ತೆಯಾಗುತ್ತಿದ್ದಾರೆ. ಚಿಕಿತ್ಸೆ ಪೂರ್ತಿ ಉಚಿತ. ಸ್ಪರ್ಶವಿಲ್ಲದ ಮಚ್ಚೆಯನ್ನು ಮುಚ್ಚಿಡುವುದರಿಂದ ಕೈ ಹೋಗುತ್ತದೆಯೇ ಹೊರತು ಮಾನ ಉಳಿಯುವುದಿಲ್ಲ. ಕೆಲವರಲ್ಲಿ ಜ್ವರ ಅಥವಾ ಶಸ್ತ್ರಚಿಕಿತ್ಸೆಯ ತರುವಾಯ ಭುಜದಲ್ಲಿ ಹಠಾತ್ತನೆ ಅಸಹನೀಯ ನೋವು ಬಂದು, ನೋವು ಇಳಿಯುತ್ತಿದ್ದಂತೆ ತೋಳು ಸೋಲುತ್ತದೆ. ಇದು ನರಜಾಲದ ಉರಿಯೂತ. ಧೂಮಪಾನಿಗಳಲ್ಲಿ ಬಿಡದೆ ಕಾಡುವ ಭುಜದ ನೋವು ಶ್ವಾಸಕೋಶದ ತುದಿಯ ಗಡ್ಡೆಯ ಸೂಚನೆಯೂ ಆಗಬಹುದು.

ಇಲ್ಲಿ ಎರಡು ಎಚ್ಚರಿಕೆಗಳು. ತೋಳುನೋವಿನೊಡನೆ ಎದೆಯ ಬಿಗಿತ, ಬೆವರು ಇದ್ದರೆ ಅದು ನರದ ವಿಷಯವಲ್ಲ, ಹೃದಯದ್ದು. ಕೈ ಸೋತಾಗ ಬಾಯಿ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ ಅದು ಪಾರ್ಶ್ವವಾಯು. ಇವೆರಡರಲ್ಲಿಯೂ ನಿಮಿಷಗಳು ಅಮೂಲ್ಯ. ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ಕಾಲದ ಲೆಕ್ಕ

ಕಡಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಎಂದರೆ ತಿಂಗಳಿಗೆ ಹೆಚ್ಚುಕಡಮೆ ಒಂದು ಅಂಗುಲ. ಇತ್ತ, ನರದ ಸಂಪರ್ಕ ಕಳೆದುಕೊಂಡ ಸ್ನಾಯು ದಿನದಿಂದ ದಿನಕ್ಕೆ ಸೊರಗುತ್ತ, ಹನ್ನೆರಡರಿಂದ ಹದಿನೆಂಟು ತಿಂಗಳಲ್ಲಿ ಮತ್ತೆ ಚೇತರಿಸಿಕೊಳ್ಳಲಾರದ ಸ್ಥಿತಿಗೆ ತಲುಪುತ್ತದೆ. ಇವೆರಡರ ನಡುವಣ ಓಟವೇ ಚಿಕಿತ್ಸೆಯ ಮರ್ಮ.

ಒಂದು ಸಾದಾ ಲೆಕ್ಕ ಮಾಡೋಣ. ಕುತ್ತಿಗೆಯ ಬಳಿ ಕಡಿದ ನರ ರಟ್ಟೆಯ ಸ್ನಾಯುವನ್ನು ತಲುಪಲು ಸುಮಾರು 270 ಮಿಲಿಮೀಟರ್ ಬೆಳೆಯಬೇಕೆಂದಿಟ್ಟುಕೊಳ್ಳಿ. ಅದಕ್ಕೆ ಒಂಬತ್ತು ತಿಂಗಳು. ಅಪಘಾತವಾದ ಮೂರನೆಯ ತಿಂಗಳಲ್ಲಿ ಜೋಡಿಸಿದರೆ ಹನ್ನೆರಡನೆಯ ತಿಂಗಳಿಗೆ ನರ ಮನೆ ಸೇರುತ್ತದೆ. ಸ್ನಾಯು ಇನ್ನೂ ಕಾದಿರುತ್ತದೆ. ಹತ್ತನೆಯ ತಿಂಗಳಲ್ಲಿ ಜೋಡಿಸಿದರೆ ಅದು ತಲುಪುವಾಗ ಹತ್ತೊಂಬತ್ತನೆಯ ತಿಂಗಳು, ಬಾಗಿಲು ಮುಚ್ಚಿರುತ್ತದೆ. ಅದೇ ವೈದ್ಯರು, ಅದೇ ಶಸ್ತ್ರಚಿಕಿತ್ಸೆ, ಅದೇ ಖರ್ಚು. ಫಲ ಮಾತ್ರ ಬೇರೆ. 2012ರ ಏಪ್ರಿಲ್‌ನಿಂದ ಚೆಕ್ಕಿನ ವಾಯಿದೆಯನ್ನು ಆರು ತಿಂಗಳಿಂದ ಮೂರು ತಿಂಗಳಿಗೆ ಇಳಿಸಿರುವುದು ವಾಚಕರಿಗೆ ನೆನಪಿರಬಹುದು. ನರಕ್ಕೂ ಮೂರು ತಿಂಗಳು ಎಚ್ಚರಿಕೆಯ ಗಂಟೆ, ಆರು ತಿಂಗಳು ಬಹುತೇಕ ಕೊನೆಯ ಗಡುವು ಎಂದು ನೆನಪಿಟ್ಟುಕೊಂಡರೆ ಸಾಕು.

ಪರೀಕ್ಷೆ ಮತ್ತು ಚಿಕಿತ್ಸೆ

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನರ ಕಾಣುವುದಿಲ್ಲ. ನರದ ಸ್ಥಿತಿಯನ್ನು ತಿಳಿಯಲು ವಿದ್ಯುತ್ ಪರೀಕ್ಷೆಗಳೂ ಎಂ.ಆರ್.ಐ. ಚಿತ್ರವೂ ಬೇಕು. ಕಡಿದ ನರದ ಕೆಳತುಂಡು ಕೆಲವು ದಿನ ಜೀವಂತವಿದ್ದಂತೆಯೇ ಸ್ಪಂದಿಸುವುದರಿಂದ ವಿದ್ಯುತ್ ಪರೀಕ್ಷೆಯನ್ನು ಸಾಮಾನ್ಯವಾಗಿ ಮೂರು ವಾರಗಳ ಬಳಿಕ ಮಾಡುತ್ತಾರೆ. ಗಾಜು, ಚಾಕುಗಳಿಂದ ಕೊಯ್ದ ನರವನ್ನು ಕೆಲವೇ ದಿನಗಳಲ್ಲಿ ಹೊಲಿಯುವುದು ಲೇಸು. ಜಗ್ಗಿದ ನರವಾದರೆ ತಾನಾಗಿ ಚೇತರಿಸಿಕೊಳ್ಳಲು ಸ್ವಲ್ಪ ಅವಕಾಶ ಕೊಟ್ಟು, ಮೂರು ತಿಂಗಳೊಳಗೆ ಸುಧಾರಣೆ ಕಾಣದಿದ್ದರೆ ಶಸ್ತ್ರಚಿಕಿತ್ಸೆಯನ್ನು ಯೋಚಿಸುತ್ತಾರೆ. ಬೇರು ಕಿತ್ತಿರುವುದು ಖಚಿತವಾದರೆ ಅಷ್ಟೂ ಕಾಯುವುದಿಲ್ಲ.

ಕಾಲಿನ ಹಿಂಬದಿಯಿಂದ ಅಷ್ಟಾಗಿ ಅಗತ್ಯವಿಲ್ಲದ ಸ್ಪರ್ಶನರವೊಂದನ್ನು ತೆಗೆದು ಸೇತುವೆಯಂತೆ ಜೋಡಿಸುವುದು ಒಂದು ವಿಧಾನ. ಕಿತ್ತ ಬೇರಿಗೆ ಇನ್ನೊಂದು ಉಪಾಯವಿದೆ: ಕೆಲಸ ಮಾಡುತ್ತಿರುವ ಬೇರೊಂದು ನರದಿಂದ ಎರವಲು. ಪಕ್ಕೆಲುಬಿನ ನಡುವಣ ನರಗಳನ್ನು ಹೀಗೆ ತಿರುಗಿಸಿ ಜೋಡಿಸುತ್ತಾರೆ. 1994ರಲ್ಲಿ ಫ್ರಾನ್ಸಿನ ಕ್ರಿಸ್ಟೋಫ್ ಒಬರ್ಲಿನ್ ಅವರು ಅಲ್ನರ್ ನರದ ಒಂದು ಸಣ್ಣ ಎಳೆಗಟ್ಟನ್ನು ಪಕ್ಕದಲ್ಲಿಯೇ ಇರುವ ರಟ್ಟೆಯ ನರಕ್ಕೆ ಜೋಡಿಸಿ ಮೊಣಕೈ ಮಡಿಸುವಂತೆ ಮಾಡುವ ವಿಧಾನವನ್ನು ಪ್ರಕಟಿಸಿದರು. ದೂರ ಕೆಲವೇ ಸೆಂಟಿಮೀಟರ್ ಆದುದರಿಂದ ಕಾಲದ ಉಳಿತಾಯ ಬಹಳ. ವಾಯಿದೆ ಮೀರಿದವರಿಗೆ ಸ್ನಾಯುರಜ್ಜುಗಳನ್ನು ಸ್ಥಳಾಂತರಿಸುವ, ತೊಡೆಯ ಸ್ನಾಯುವನ್ನು ತಂದು ಕೂಡಿಸುವ ಶಸ್ತ್ರಚಿಕಿತ್ಸೆಗಳಿವೆ. ಅವುಗಳಿಂದ ತಕ್ಕಮಟ್ಟಿನ ಪ್ರಯೋಜನ ಖಂಡಿತ ಇದೆ.

ಪರೇಲಿನ ಕೆ.ಇ.ಎಂ., ಸಯನ್ನಿನ ಲೋಕಮಾನ್ಯ ತಿಲಕ್, ಬೈಕಲ್ಲಾದ ಜೆ.ಜೆ. ಮೊದಲಾದ ಸಾರ್ವಜನಿಕ ಆಸ್ಪತ್ರೆಗಳಲ್ಲಿ ನರರೋಗ ಮತ್ತು ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಿವೆ. ಆದುದರಿಂದ ಹಣವಿಲ್ಲವೆಂದು ಕೈಕಟ್ಟಿ ಕೂರಬೇಕಾಗಿಲ್ಲ.

ಒಂದು ಉದಾಹರಣೆ

ಕೆಲವು ವರ್ಷಗಳ ಹಿಂದೆ ನಮ್ಮ ಶಾಖೆಯಲ್ಲಿ ಒಬ್ಬ ಖಾತೆದಾರನ ಚೆಕ್ಕು ಸಹಿ ಹೊಂದದೆ ನನ್ನ ಮೇಜಿಗೆ ಬಂತು. ಕುಂದಾಪುರದ ಕಡೆಯ ಯುವಕ, ಹೋಟೆಲೊಂದರಲ್ಲಿ ಕೆಲಸ. ಕರೆಸಿ ಕೇಳಿದಾಗ ಬಲಗೈ ಜೋಲುತ್ತಿತ್ತು. ಎಡಗೈಯಲ್ಲಿ ಸಹಿ ಮಾಡಿದ್ದನು. ಮಳೆಗಾಲದಲ್ಲಿ ಬೈಕ್ ಜಾರಿ ಬಿದ್ದಾಗ ಕಾಲರ್ ಬೋನ್ ಮುರಿದಿತ್ತು. ಮೂಳೆ ಕೂಡಿಸಿದರು, ಕೈಗೆ ಜೋಳಿಗೆ ಕಟ್ಟಿದರು, ನೋವಿಳಿದ ಮೇಲೆ ಕೈ ತಾನಾಗಿ ಏಳುತ್ತದೆಂದರು. ಊರಿಗೆ ಹೋದಾಗ ‘ವಾಯು ಹಿಡಿದಿದೆ’ ಎಂದು ಎಣ್ಣೆ ಹಚ್ಚಿ ಉಜ್ಜಿದರು, ಉಳುಕು ತೆಗೆಯುವವರು ಎಳೆದರು. ಹೀಗೆ ಹತ್ತು ತಿಂಗಳು ಕಳೆದಿದ್ದವು. ಅಷ್ಟರವರೆಗೆ ನರವೆಂಬ ಶಬ್ದವನ್ನು ಆತನ ಬಳಿ ಯಾರೂ ಆಡಿರಲಿಲ್ಲ.

ನಮ್ಮ ಮಿತ್ರರೊಬ್ಬರ ನೆರವಿನಿಂದ ತಜ್ಞರಿಗೆ ತೋರಿಸಲಾಯಿತು. ಪರೀಕ್ಷಿಸಿದ ವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ಇಷ್ಟು ದಿನ ಎಲ್ಲಿದ್ದಿರಪ್ಪಾ?’ ಎಂಬುದು. ಮುಂದಿನ ಶಸ್ತ್ರಚಿಕಿತ್ಸೆಯಿಂದ ಮೊಣಕೈ ಮಡಿಯುವಷ್ಟಾಗಿದೆ, ಬೆರಳುಗಳು ಮರಳಲಿಲ್ಲ. ದೋಸೆಯ ಕಾವಲಿಯ ಮುಂದೆ ನಿಲ್ಲುತ್ತಿದ್ದವನು ಇಂದು ಗಲ್ಲಾದಲ್ಲಿ ಕುಳಿತು ಎಡಗೈಯಿಂದ ಚಿಲ್ಲರೆ ಎಣಿಸುತ್ತಾನೆ. ಮಾಲೀಕರು ಕೈಬಿಡಲಿಲ್ಲವೆಂಬುದು ಆತನ ಪುಣ್ಯ.

ಆತನ ಖಾತೆಯಿಂದ ವರ್ಷಕ್ಕೊಮ್ಮೆ 20 ರೂಪಾಯಿ ಕಡಿತವಾಗುತ್ತಿತ್ತು. ಏತಕ್ಕೆಂದು ಆತನಿಗೆ ತಿಳಿಯದು. ಅದು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು. 18ರಿಂದ 70 ವರ್ಷದ ಖಾತೆದಾರರು ಸೇರಬಹುದಾದ ಈ ವಿಮೆಯಲ್ಲಿ, ಅಪಘಾತದಿಂದ ಒಂದು ಕೈಯ ಉಪಯೋಗ ಶಾಶ್ವತವಾಗಿ ಪೂರ್ತಿ ನಷ್ಟವಾದರೆ ಒಂದು ಲಕ್ಷ ರೂಪಾಯಿ, ಮರಣಕ್ಕೆ ಎರಡು ಲಕ್ಷ ರೂಪಾಯಿ ಪರಿಹಾರವಿದೆ. ಸ್ವತಃ ಜಾರಿಬಿದ್ದುದರಿಂದ ಪೊಲೀಸರಿಗೆ ಯಾರೂ ತಿಳಿಸಿರಲಿಲ್ಲ. ಹಳೆಯ ಆಸ್ಪತ್ರೆಯ ಕಾಗದಗಳನ್ನು ಹುಡುಕಿಸಿ ಅರ್ಜಿ ಹಾಕಿಸಲು ಬಹಳ ಓಡಾಡಬೇಕಾಯಿತು. ಕೆಲಸದ ವೇಳೆಯಲ್ಲಿ ಪೆಟ್ಟಾದರೆ ಇ.ಎಸ್.ಐ. ಸೌಲಭ್ಯ ಅಥವಾ ಕಾನೂನಿನಂತೆ ನೌಕರರ ಪರಿಹಾರದ ರಕ್ಷಣೆಯೂ ಉಂಟು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರ ಪಡೆದವರಿಗೆ ಮೀಸಲಾತಿಯೇ ಮೊದಲಾದ ಸೌಲಭ್ಯಗಳಿವೆ. ಸಹಿ ಮಾಡಲಾಗದವರು ಖಾತೆ ನಡೆಸಲಾಗದೆಂದು ಚಿಂತಿಸಬೇಕಾಗಿಲ್ಲ. ಹೊಸ ಮಾದರಿ ಸಹಿಯನ್ನು ಕೊಡಬಹುದು, ಅದೂ ಆಗದಿದ್ದರೆ ಸಾಕ್ಷಿಗಳ ಸಮಕ್ಷಮ ಬೆರಳೊತ್ತನ್ನು ಬ್ಯಾಂಕು ಸ್ವೀಕರಿಸುತ್ತದೆ.

ನಾವು ಮಾಡಬೇಕಾದುದು

ಅಪಘಾತವಾದವನ ಭುಜ, ಮೊಣಕೈ, ಮಣಿಕಟ್ಟು, ಬೆರಳು ಇವು ನಾಲ್ಕನ್ನೂ ಒಂದೊಂದಾಗಿ ಆಡಿಸಲು ಹೇಳಿ. ಯಾವುದಾದರೂ ಆಡದಿದ್ದರೆ, ಎಲ್ಲಿಯಾದರೂ ಮುಟ್ಟಿದುದು ತಿಳಿಯದಿದ್ದರೆ, ‘ನರಕ್ಕೆ ಪೆಟ್ಟಾಗಿದೆಯೇ?’ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ, ಉತ್ತರವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಪೊಲೀಸ್ ವರದಿ, ಆಸ್ಪತ್ರೆಯ ಕಾಗದ, ಎಕ್ಸ್‌ರೇಗಳನ್ನು ಒಂದೇ ಕಡತದಲ್ಲಿಡಿ. ಎಳೆಯುವುದು, ತಿರುಚುವುದು, ಬಲವಾಗಿ ಉಜ್ಜುವುದು ಬೇಡ. ಬದಲಾಗಿ ವೈದ್ಯರು ಒಪ್ಪಿದ ಕೂಡಲೇ ಫಿಸಿಯೋಥೆರಪಿ ಆರಂಭಿಸಿ ಕೀಲುಗಳು ಬಿಗಿಯದಂತೆ ನಿತ್ಯ ಆಡಿಸಬೇಕು. ಸ್ಪರ್ಶವಿಲ್ಲದ ಕೈಯನ್ನು ಬೆಂಕಿ, ಬಿಸಿನೀರುಗಳಿಂದ ಕಾಪಾಡಬೇಕು. ಅಡುಗೆಮನೆಯಲ್ಲಿ ದುಡಿಯುವವರಿಗೆ ಈ ಮಾತು ವಿಶೇಷವಾಗಿ ಅನ್ವಯ. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡಬೇಕು. ಮೇಜಿನ ಕೆಲಸದವರು ಗಂಟೆಗೊಮ್ಮೆ ಎದ್ದು ಕುತ್ತಿಗೆ, ತೋಳುಗಳನ್ನು ಸಡಿಲಿಸಬೇಕು.

ಪ್ರತಿವರ್ಷವೂ ನಮ್ಮ ಊರುಗಳಿಂದ ತರುಣರು ಈ ನಗರಕ್ಕೆ ಬರುತ್ತಲೇ ಇದ್ದಾರೆ. ಅವರಲ್ಲಿ ಅನೇಕರಿಗೆ ಇಲ್ಲಿ ತಂದೆತಾಯಿಗಳಿಲ್ಲ. ಕೋಣೆಯ ಗೆಳೆಯರೂ ಸಂಘವೂ ಹೋಟೆಲಿನ ಮಾಲೀಕರೂ ಅವರ ಪಾಲಿಗೆ ಹಿರಿಯರು. ಅವರಲ್ಲೊಬ್ಬನ ಕೈಗೆ ಪೆಟ್ಟಾದಾಗ ಹಾಸಿಗೆಯ ಬಳಿ ನಿಂತವರಿಗೆ ಮೂರು ವಾರ, ಮೂರು ತಿಂಗಳು, ಆರು ತಿಂಗಳು ಎಂಬ ಈ ಲೆಕ್ಕ ನೆನಪಿಗೆ ಬಂದು, ಆತನನ್ನು ಸಕಾಲದಲ್ಲಿ ತಜ್ಞರ ಬಳಿಗೆ ಕರೆದೊಯ್ದರೆ ಈ ಲೇಖನದ ಶ್ರಮ ಸಾರ್ಥಕವಾದಂತೆ.